ಮುಖದ ಲಕ್ವಾ, ಅಕ್ಯುಪಂಕ್ಚರ್ ಸೂಜಿ, ಮೆದುಳಿನ ಸ್ಕ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಮುಖದ ಲಕ್ವಾ ಆದವರಿಗೆ ವ್ಯಾಯಾಮ ಕಲಿಸುವುದು ಕಲಬುರಗಿಯಲ್ಲಿ ನನ್ನ ಕೆಲಸ. ಬೀದರ್, ಯಾದಗಿರಿ, ಸೇಡಂ, ಆಳಂದ ಕಡೆಯಿಂದ ಬರುವವರು ಮತ್ತು ಪತ್ರ ಬರೆಯುವವರು ತಿರುಗಿ ತಿರುಗಿ ಕೇಳುವುದನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಈಚೆಗೆ ಬಹಳ ಜನ ಮೊಬೈಲಿನಲ್ಲಿ ಮೆದುಳಿನ ಬಣ್ಣದ ಚಿತ್ರ ತೋರಿಸಿ, ಸೂಜಿ ಹಾಕಿದರೆ ಮೆದುಳು ಹೀಗೆ ಹೊಳೆಯುತ್ತದಂತೆ, ನಿಜವಾ ಅಂತ ಕೇಳುತ್ತಾರೆ. ಅದಕ್ಕೆ ಒಂದು ಸಾಲಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಇಲ್ಲಿ ಸೂಜಿ ಅಂದರೆ ಔಷಧದ ಇಂಜೆಕ್ಷನ್ ಅಲ್ಲ, ದೇಹದ ಗೊತ್ತಾದ ಬಿಂದುಗಳಲ್ಲಿ ತೆಳು ಸೂಜಿ ಚುಚ್ಚುವ ಚೀನಾದ ಅಕ್ಯುಪಂಕ್ಚರ್ ಚಿಕಿತ್ಸೆ. ಮೊದಲು ಕಾಯಿಲೆ, ಆಮೇಲೆ ಸೂಜಿ, ಆಮೇಲೆ ಸ್ಕ್ಯಾನ್ ಅಂತ ಹೋಗೋಣ.

## ಕಾಯಿಲೆಯ ಬಗ್ಗೆ

ಮುಂಜಾನೆ ಎದ್ದು ನೋಡಿದ್ರ ಬಾಯಿ ಒಂದ್ ಕಡೆ ಸೊಟ್ಟ ಆಗ್ಯಾದ. ಇದು ಲಕ್ವಾ ಏನ್ರಿ?

ಬಾಯಿ ಸೊಟ್ಟ ಆಗಲು ಮುಖ್ಯವಾಗಿ ಎರಡು ಕಾರಣ. ಒಂದು, ಮೆದುಳಿನ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಆಗುವ ಸ್ಟ್ರೋಕ್. ಇನ್ನೊಂದು, ಮುಖದ ನರ ಊದಿಕೊಂಡು ಆಗುವ ಬೆಲ್ಸ್ ಪಾಲ್ಸಿ. ಎರಡಕ್ಕೂ ನಾವು ಲಕ್ವಾ ಅಂತಲೇ ಹೇಳುತ್ತೇವೆ, ಆದರೆ ಚಿಕಿತ್ಸೆ ಬೇರೆ, ಅವಸರವೂ ಬೇರೆ.

ಗುರುತು ಹಿಡಿಯಲು ಹಣೆ ನೋಡಿ. ಎರಡೂ ಹುಬ್ಬು ಮೇಲೆತ್ತಲು ಹೇಳಿ. ಬೆಲ್ಸ್ ಪಾಲ್ಸಿಯಲ್ಲಿ ಆ ಕಡೆಯ ಹಣೆಯಲ್ಲಿ ನೆರಿಗೆ ಬೀಳುವುದಿಲ್ಲ, ಕಣ್ಣೂ ಪೂರ್ತಿ ಮುಚ್ಚುವುದಿಲ್ಲ. ಸ್ಟ್ರೋಕಿನಲ್ಲಿ ಬಾಯಿ ಎಳೆದಿದ್ದರೂ ಹಣೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಭಾಗದಿಂದ ಅಪ್ಪಣೆ ಹೋಗುತ್ತದೆ. ಒಂದು ಭಾಗ ಕೆಟ್ಟರೂ ಇನ್ನೊಂದು ಸಂಭಾಳಿಸುತ್ತದೆ.

ಆದರೆ ಈ ಪರೀಕ್ಷೆಯನ್ನೇ ನಂಬಿ ಮನೆಯಲ್ಲಿ ಕೂರಬೇಡಿ. ಕೈಕಾಲು ಸೋತಿದ್ದರೆ, ಮಾತು ತೊದಲುತ್ತಿದ್ದರೆ ಅದು ಸ್ಟ್ರೋಕ್ ಅಂತಲೇ ತಿಳಿದು ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್‌ಗೆ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ. ಶಹಾಪುರದ ಕಡೆಯ ಹಳ್ಳಿಯಿಂದ ಕಲಬುರಗಿ ಮುಟ್ಟುವುದರೊಳಗೆ ಅದರಲ್ಲಿ ಎಷ್ಟು ಹೊತ್ತು ಹೋಗುತ್ತದೆ ನೀವೇ ಲೆಕ್ಕ ಹಾಕಿ.

ಕಿವಿಯಲ್ಲಿ ನೀರುಗುಳ್ಳೆ ಎದ್ದಿದ್ದರೆ, ಕಿವಿ ಸೋರುತ್ತಿದ್ದರೆ, ಚರ್ಮದ ಮೇಲೆ ಸ್ಪರ್ಶ ತಿಳಿಯದ ಬಿಳಿಚಿದ ಮಚ್ಚೆ ಇದ್ದರೆ ಡಾಕ್ಟರಿಗೆ ಅದನ್ನು ಮೊದಲು ತೋರಿಸಿ. ಸರ್ಪಸುತ್ತಿನ ವೈರಸ್, ಕಿವಿಯ ಸೋಂಕು, ಕುಷ್ಠರೋಗ ಇವೂ ಇದೇ ನರವನ್ನು ಕೆಡಿಸುತ್ತವೆ.

ರಾತ್ರಿ ಬಸ್ಸಿನ್ಯಾಗ ಕಿಟಕಿ ಬಾಜು ಕುಂತಿದ್ದೆ. ಗಾಳಿ ಬಡದು ಹಿಂಗಾಯ್ತೇನು?

ಎಲ್ಲರೂ ಇದನ್ನೇ ಹೇಳುತ್ತಾರೆ. ಗಾಳಿಯ ಮೇಲೆ ತಪ್ಪು ಹೊರಿಸುವುದು ಸುಲಭ. ವೈದ್ಯರ ಅನುಮಾನ ಹೆಚ್ಚಾಗಿ ಇರುವುದು ಹರ್ಪಿಸ್ ಜಾತಿಯ ವೈರಸ್ ಮೇಲೆ. ಅದು ನರದಲ್ಲಿ ಸುಮ್ನೆ ಮಲಗಿರುತ್ತದೆ, ಯಾವಾಗಲೋ ಎದ್ದು ಊತ ತರುತ್ತದೆ. ಮುಖದ ನರ ಕಿವಿಯ ಒಳಗಿನ ಮೂಳೆಯಲ್ಲಿ ಕಿರಿದಾದ ಕಾಲುವೆಯ ಮೂಲಕ ಹಾದು ಬರುತ್ತದೆ. ಆ ಕಾಲುವೆ ಒಂದು ಕಡೆ 1 ಮಿಲಿಮೀಟರ್‌ಗಿಂತಲೂ ಸಣ್ಣದು. ಊದಿಕೊಂಡ ನರಕ್ಕೆ ಅಲ್ಲಿ ಜಾಗ ಸಾಲದೆ ಅದುಮಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಗರ್ಭಿಣಿಯರಲ್ಲಿ (ಕೊನೆಯ ತಿಂಗಳುಗಳಲ್ಲಿ) ಇದು ಜಾಸ್ತಿ.

ಸೂಜಿ ಮೊದ್ಲು ಹಾಕಸ್ಲೋ, ಗುಳಿಗಿ ಮೊದ್ಲು ತಗೊಳ್ಲೋ?

ಗುಳಿಗೆ. ಇದರಲ್ಲಿ ನನಗೆ ಎರಡು ಮಾತಿಲ್ಲ.

ಸ್ಕಾಟ್ಲೆಂಡಿನಲ್ಲಿ 551 ರೋಗಿಗಳ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಅನ್ನುವ ಸ್ಟಿರಾಯ್ಡ್ ಶುರುಮಾಡಿದವರಲ್ಲಿ 9 ತಿಂಗಳಿಗೆ ಶೇ. 94.4 ಜನರ ಮುಖ ಪೂರ್ತಿ ಸರಿಹೋಗಿತ್ತು. ಅದನ್ನು ತಗೊಳ್ಳದವರಲ್ಲಿ ಶೇ. 81.6. ವೈರಸ್ ವಿರುದ್ಧದ ಗುಳಿಗೆಯೊಂದನ್ನೇ ಕೊಟ್ಟಾಗ ಲಾಭ ಕಾಣಲಿಲ್ಲ.

ನನ್ನ ಹೊಟ್ಟೆ ಉರಿಯುವುದು ಇಲ್ಲಿಯೇ. ಮೂರು ದಿನದ ಆ ಬೆಲೆಬಾಳುವ ಸಮಯವನ್ನು ಜನ ಎಣ್ಣೆ ತಿಕ್ಕುತ್ತಾ, ಪಾರಿವಾಳದ ರಕ್ತ ಹಚ್ಚುತ್ತಾ, ಯಾರೋ ಹೇಳಿದ ಊರಿಗೆ ಅಲೆಯುತ್ತಾ ಕಳೆದುಬಿಡುತ್ತಾರೆ. ಸೂಜಿ ಬೇಕಾದರೆ ಆಮೇಲೂ ಹಾಕಿಸಬಹುದು. 72 ಗಂಟೆ ತಿರುಗಿ ಬರುವುದಿಲ್ಲ. ಶುಗರ್, ಬಿಪಿ ಇದ್ದವರು ಡಾಕ್ಟರಿಗೆ ಮೊದಲೇ ಹೇಳಿ, ಸ್ಟಿರಾಯ್ಡ್‌ನಿಂದ ಸಕ್ಕರೆ ಏರುತ್ತದೆ. ಹಾಗಂತ ಗುಳಿಗೆ ಬಿಡುವುದಲ್ಲ, ಸಕ್ಕರೆ ನೋಡಿಕೊಳ್ಳುತ್ತಾ ತಗೊಳ್ಳುವುದು.

ಏನೂ ಮಾಡ್ಲಿಲ್ಲಂದ್ರೂ ತಾನೇ ಹೋಗ್ತದ ಅಂತಾರ. ಖರೇನಾ?

ಬಹಳ ಜನರಲ್ಲಿ ಖರೆ. ಡೆನ್ಮಾರ್ಕಿನ ವೈದ್ಯರೊಬ್ಬರು ಚಿಕಿತ್ಸೆ ಪಡೆಯದ ರೋಗಿಗಳನ್ನು 25 ವರ್ಷ ಗಮನಿಸಿ 2002ರಲ್ಲಿ ಬರೆದ ವರದಿಯಂತೆ, ಬೆಲ್ಸ್ ಪಾಲ್ಸಿ ಆದವರಲ್ಲಿ ಶೇ. 71 ಜನ ಪೂರ್ತಿ ಗುಣವಾದರು. ಶೇ. 85 ಜನರಲ್ಲಿ ಮೂರು ವಾರದೊಳಗೆ ಮುಖ ಸ್ವಲ್ಪವಾದರೂ ಅಲುಗಾಡತೊಡಗಿತ್ತು.

ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ, ಮುಂದಿನ ಎಲ್ಲ ಪ್ರಶ್ನೆಗೂ ಇವು ಬೇಕು. ಹತ್ತರಲ್ಲಿ ಏಳು ಜನ ತಾನಾಗಿ ಗುಣವಾಗುವ ಕಾಯಿಲೆಗೆ ಯಾವ ಮದ್ದು ಮಾಡಿದರೂ ಏಳು ಜನ ಹೊಗಳುತ್ತಾರೆ. ಹಚ್ಚಿದ ಎಣ್ಣೆಯನ್ನೂ, ಹಾಕಿದ ಸೂಜಿಯನ್ನೂ, ಕಲಿಸಿದ ವ್ಯಾಯಾಮವನ್ನೂ. ಅದಕ್ಕೇ ಮದ್ದು ಮಾಡಿದವರ ಜತೆ ಮಾಡದವರನ್ನೂ ಇಟ್ಟು ನೋಡದೆ ಏನೂ ಹೇಳಲಾಗದು.

ಕಣ್ಣು ಮುಚ್ಚಂಗಿಲ್ಲ, ನೀರು ಸುರೀತದ. ಏನ್ ಮಾಡ್ಬೇಕು?

ಡಾಕ್ಟರ್ ಬರೆದುಕೊಟ್ಟ ಕಣ್ಣಿನ ಹನಿ ಹಗಲು, ಮುಲಾಮು ರಾತ್ರಿ. ಮಲಗುವಾಗ ರೆಪ್ಪೆಯನ್ನು ಮೆತ್ತಗೆ ಮುಚ್ಚಿ ಟೇಪ್ ಹಚ್ಚಿ. ಹೊರಗೆ ಹೋಗುವಾಗ ಕನ್ನಡಕ ಕಡ್ಡಾಯ, ನಮ್ಮ ಬೇಸಿಗೆಯ ಧೂಳುಗಾಳಿಗೆ ಕಣ್ಣು ತೆರೆದಿಟ್ಟರೆ ಕಪ್ಪುಗುಡ್ಡೆ ಗೀರಿಕೊಳ್ಳುತ್ತದೆ. ಕಣ್ಣು ಕೆಂಪಾಗಿ ನೋವು ಬಂದರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

## ಸೂಜಿಯ ಬಗ್ಗೆ

ಬ್ಯಾನಿ ಮುಖಕ್ಕ ಇದ್ರ ಸೂಜಿ ಕೈಗ್ಯಾಕ್ರಿ ಹಾಕ್ತಾರ?

ಎರಡೂ ಕಡೆ ಹಾಕುತ್ತಾರೆ. ಮುಖದಲ್ಲಿ ಬಾಯಿಯ ಮೂಲೆ, ದವಡೆಯ ಗಂಟು, ಹುಬ್ಬಿನ ಮೇಲೆ, ಕಿವಿಯ ಹಾಲೆಯ ಹಿಂದೆ. ಕೈಯಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಉಬ್ಬು. ಚೀನೀಯರು ಅದನ್ನು ಹೆಗು ಅನ್ನುತ್ತಾರೆ, ಅಕ್ಯುಪಂಕ್ಚರ್ ನಕ್ಷೆಯಲ್ಲಿ ಎಲ್‌ಐ 4. ಮುಖಕ್ಕೂ ಬಾಯಿಗೂ ಹೆಗು ಅಂತ ಅವರ ಹಳೆಯ ಬಾಯಿಪಾಠದ ಪದ್ಯದಲ್ಲಿಯೇ ಇದೆ.

ಹಳೆಯ ವಿದ್ಯೆ ಅದನ್ನು ಶಕ್ತಿಯ ಹಾದಿಗಳ ಲೆಕ್ಕದಲ್ಲಿ ವಿವರಿಸುತ್ತದೆ. ಆ ಹಾದಿಗಳನ್ನು ದೇಹ ಕೊಯ್ದು ತೋರಿಸಲು ಆಗಿಲ್ಲ. ಆದರೆ ನರವಿಜ್ಞಾನದಲ್ಲಿ ಇಲ್ಲಿಗೆ ಹತ್ತಿರದ ಒಂದು ಸಂಗತಿ ಇದೆ. ಮೆದುಳಿನ ಮೇಲ್ಪದರದಲ್ಲಿ ದೇಹದ ಸ್ಪರ್ಶವನ್ನೆಲ್ಲ ದಾಖಲಿಸುವ, ರಿಬ್ಬನ್ನಿನಂಥ ಒಂದು ಪಟ್ಟಿ ಇದೆ. ಕೆನಡಾದ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಎಚ್ಚರವಿರುವ ರೋಗಿಗಳ ಮೆದುಳನ್ನು ಸಣ್ಣ ಕರೆಂಟಿನಿಂದ ಮುಟ್ಟಿ, ಯಾವ ಜಾಗ ಯಾವ ಅಂಗದ್ದು ಅಂತ 1937ರಲ್ಲಿ ನಕ್ಷೆ ಕೊಟ್ಟರು. ಅದರಲ್ಲಿ ಕೈಯ ಜಾಗ, ಹೆಬ್ಬೆರಳಿನ ಜಾಗ, ಅದರ ಪಕ್ಕಕ್ಕೇ ಮುಖದ ಜಾಗ. ದೇಹದಲ್ಲಿ ದೂರ ಇರುವ ಕೈ ಮತ್ತು ಮುಖ ಮೆದುಳಿನಲ್ಲಿ ನೆರೆಮನೆಯವರು.

ಒಂದರ ಕೆಲಸ ಕಡಿಮೆಯಾದರೆ ಇನ್ನೊಂದು ಆ ಜಾಗಕ್ಕೆ ಕೈಚಾಚುವುದು ಕೈ ಕಳೆದುಕೊಂಡವರ ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಕೈಗೆ ಕೊಟ್ಟ ಪ್ರಚೋದನೆ ಮುಖದ ಜಾಗವನ್ನು ಮುಟ್ಟಬಹುದೇ ಅನ್ನುವುದು ನ್ಯಾಯವಾದ ಪ್ರಶ್ನೆ. ಇನ್ನೂ ಪ್ರಶ್ನೆಯೇ, ಉತ್ತರವಲ್ಲ.

ಸೂಜಿ ತಿರುವಿದಾಗ ಕೈ ಜೋಮು ಹಿಡೀತದ, ಭಾರ ಅನಸ್ತದ. ಹಂಗ ಆಗ್ಬೇಕೇನು?

ಅಕ್ಯುಪಂಕ್ಚರ್ ಮಾಡುವವರು ಬಯಸುವುದೇ ಅದನ್ನು. ಭಾರ, ಜೋಮು, ಒಳಗೊಳಗೇ ಹಿಂಡಿದಂತೆ ಆಗುವ ಈ ಅನುಭವಕ್ಕೆ ದ-ಛಿ ಅನ್ನುತ್ತಾರೆ. ಚುಚ್ಚಿದಲ್ಲೇ ಚುರ್ ಅಂತ ಉರಿಯುವ ನೋವು ಬೇರೆ, ಅದಾದರೆ ಸುಮ್ಮನಿರದೆ ಹೇಳಿ.

ಚೀನಾದ ಸಂಶೋಧಕರು 338 ಬೆಲ್ಸ್ ಪಾಲ್ಸಿ ರೋಗಿಗಳನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಸ್ಟಿರಾಯ್ಡ್, ಇಬ್ಬರಿಗೂ ಸೂಜಿ. ಒಂದು ಗುಂಪಿಗೆ ಮಾತ್ರ ಸೂಜಿ ತಿರುವಿ ದ-ಛಿ ಬರಿಸಿದರು, ಇನ್ನೊಂದು ಗುಂಪಿಗೆ ಚುಚ್ಚಿ ಸುಮ್ನೆ ಬಿಟ್ಟರು. ಆರು ತಿಂಗಳ ನಂತರ ತಿರುವಿದ ಗುಂಪಿನ ಮುಖದ ಚಲನೆ ಉತ್ತಮವಾಗಿತ್ತು. ಇದು 2013ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ನನಗೆ ಈ ಅಧ್ಯಯನದ ಮೇಲೆ ಗೌರವವಿದೆ, ಸ್ಟಿರಾಯ್ಡ್ ಯಾರಿಗೂ ತಪ್ಪಿಸಲಿಲ್ಲ. ಆದರೆ ಒಂದನ್ನು ಗಮನಿಸಿ: ಇಲ್ಲಿ ಸೂಜಿಯೇ ಇಲ್ಲದ ಗುಂಪು ಇರಲಿಲ್ಲ. ಜೋರು ಸೂಜಿ ಮೇಲೋ ಮೆತ್ತಗಿನ ಸೂಜಿ ಮೇಲೋ ಅನ್ನುವುದಕ್ಕೆ ಇದು ಉತ್ತರ. ಸೂಜಿ ಬೇಕೋ ಬೇಡವೋ ಅನ್ನುವುದಕ್ಕಲ್ಲ.

ಈ ಚೀನಾ ವಿದ್ಯೆ ನಮ್ಮ ದೇಶಕ್ಕೆ ಯಾವಾಗ ಬಂತು?

ನಮಗೆ ಹತ್ತಿರದ ಕಥೆ ಇದು. ರೈಲಿನಲ್ಲಿ ಕಲಬುರಗಿ ಬಿಟ್ಟರೆ ಮುಂದಿನ ದೊಡ್ಡ ಊರು ಸೊಲ್ಲಾಪುರ. ಡಾ. ದ್ವಾರಕಾನಾಥ ಕೋಟ್ನಿಸ್ ಅಲ್ಲಿಯವರು. ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಹೋದಾಗ, 1938ರಲ್ಲಿ ಭಾರತದಿಂದ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಕಲ್ಕತ್ತೆಯ ಡಾ. ಬಿ. ಕೆ. ಬಸು ಮುಂದೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು, 1959ರಲ್ಲಿ ಅದನ್ನು ಇಲ್ಲಿಗೆ ತಂದರು.

ಶುಗರ್ ಅದ, ರಕ್ತ ತೆಳು ಮಾಡೋ ಗುಳಿಗಿನೂ ನಡದದ. ಸೂಜಿ ನಡೀತದೇನು?

ನಡೆಯಬಹುದು, ನಿಮ್ಮ ಡಾಕ್ಟರನ್ನು ಕೇಳಿ, ಸೂಜಿ ಹಾಕುವವರಿಗೂ ಮೊದಲೇ ಹೇಳಿ. ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಸೂಜಿ ಒಂದೇ ಸಲ ಬಳಸುವಂಥದ್ದಾಗಿರಬೇಕು. ಹೆಪಟೈಟಿಸ್ ಬಿ ಹರಡಲು ಒಂದು ಹಳೆಯ ಸೂಜಿ ಸಾಕು. ಗರ್ಭಿಣಿಯರಿಗೆ ಹೆಗು ಬಿಂದುವನ್ನು ಪರಂಪರೆಯಲ್ಲೇ ನಿಷೇಧಿಸಿದ್ದಾರೆ.

## ಸ್ಕ್ಯಾನ್ ಬಗ್ಗೆ

ನನ್ನ ಎಂಆರ್‌ಐ ನಾರ್ಮಲ್ ಬಂದದ. ಮತ್ತ ಈ ಎಫ್‌ಎಂಆರ್‌ಐ ಅಂದ್ರ ಏನು?

ಮಷಿನ್ ಒಂದೇ, ನೋಡುವ ರೀತಿ ಬೇರೆ. ಸಾಮಾನ್ಯ ಎಂಆರ್‌ಐ ಮೆದುಳಿನ ಆಕಾರ ತೋರಿಸುತ್ತದೆ: ಗಡ್ಡೆ ಇದೆಯಾ, ರಕ್ತ ಹೆಪ್ಪುಗಟ್ಟಿದೆಯಾ ಅಂತ. ಬೆಲ್ಸ್ ಪಾಲ್ಸಿಯಲ್ಲಿ ಮೆದುಳು ಸರಿಯಾಗಿಯೇ ಇರುವುದರಿಂದ ಅದು ನಾರ್ಮಲ್ ಬರುವುದೇ ನಿರೀಕ್ಷಿತ.

ಎಫ್‌ಎಂಆರ್‌ಐ ಅಂದರೆ ಅದೇ ಮೆದುಳು ಕೆಲಸ ಮಾಡುವಾಗ ಸೆಕೆಂಡು ಸೆಕೆಂಡಿಗೆ ತೆಗೆಯುವ ಸರಣಿ ಚಿತ್ರ. ಒಂದು ಜಾಗದ ನರಕೋಶಗಳು ಚುರುಕಾದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿದು ಬರುತ್ತದೆ. ಆಮ್ಲಜನಕ ಇರುವ ರಕ್ತ ಮತ್ತು ಇಲ್ಲದ ರಕ್ತ ಅಯಸ್ಕಾಂತಕ್ಕೆ ಬೇರೆ ಬೇರೆಯಾಗಿ ವರ್ತಿಸುತ್ತವೆ. ಜಪಾನ್ ಮೂಲದ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ಈ ವ್ಯತ್ಯಾಸವನ್ನು ಚಿತ್ರವಾಗಿಸಿದರು, 1992ರ ಹೊತ್ತಿಗೆ ಮನುಷ್ಯರಲ್ಲೂ ಮಾಡಿ ತೋರಿಸಿದರು.

ಅಂದರೆ ಇಲ್ಲಿ ಕಾಣುವುದು ನರಕೋಶದ ಕೆಲಸವಲ್ಲ, ಕೆಲಸದ ಹಿಂದೆ ಬರುವ ರಕ್ತ. ನಮ್ಮ ಊರಲ್ಲಿ ಯಾವ ದಾಲ್ ಮಿಲ್ ಮುಂದೆ ತೊಗರಿ ಲಾರಿ ಜಾಸ್ತಿ ನಿಂತಿವೆ ನೋಡಿ, ಒಳಗೆ ಕೆಲಸ ಜೋರಾಗಿದೆ ಅಂತ ಊಹಿಸಿದ ಹಾಗೆ. ಊಹೆ ಬಹುಪಾಲು ಸರಿಯೇ ಇರುತ್ತದೆ. ಆದರೆ ಒಳಗೆ ಬೇಳೆ ಚೆನ್ನಾಗಿ ಆಗುತ್ತಿದೆಯೋ ಇಲ್ಲವೋ ಲಾರಿ ಹೇಳುವುದಿಲ್ಲ. ರಕ್ತವೂ ತಕ್ಷಣ ಬರುವುದಿಲ್ಲ, ಅದು ಉತ್ತುಂಗಕ್ಕೆ ಏರಲು ಐದಾರು ಸೆಕೆಂಡು ಹಿಡಿಯುತ್ತದೆ.

ನರ ಕೆಟ್ಟಿದ್ದು ಕಿವಿ ಹತ್ರ. ಮತ್ತ ಮೆದುಳು ಯಾಕ ನೋಡ್ತಾರ?

ಒಳ್ಳೆಯ ಪ್ರಶ್ನೆ, ನನಗೆ ಬಹಳ ಇಷ್ಟದ್ದೂ ಹೌದು.

ರೊಟ್ಟಿ ತಿನ್ನುವ ರೋಗಿಯನ್ನು ಹತ್ತಿರದಿಂದ ನೋಡಿ. ಅಗಿದ ತುತ್ತು ಸೋತ ಕಡೆಯ ಕೆನ್ನೆ ಮತ್ತು ಒಸಡಿನ ನಡುವೆ ಹೋಗಿ ಕೂರುತ್ತದೆ. ಕೆನ್ನೆ ಅದನ್ನು ಒಳಗೆ ದಬ್ಬುವುದಿಲ್ಲ. ತುತ್ತು ಅಲ್ಲಿದೆ ಅಂತ ಗೊತ್ತಾಗುತ್ತದೆ, ಯಾಕೆಂದರೆ ಮುಖದ ಸ್ಪರ್ಶ ತಿಳಿಸುವ ನರ ಬೇರೆ, ಅದು ಚೆನ್ನಾಗಿದೆ. ಮೆದುಳು ದಬ್ಬು ಅಂತ ಹೇಳುತ್ತದೆ, ಕೆನ್ನೆ ಕೇಳುವುದಿಲ್ಲ. ಕೊನೆಗೆ ಅವರು ಬೆರಳು ಹಾಕಿ ತುತ್ತನ್ನು ಸರಿಸುತ್ತಾರೆ. ಎರಡೇ ದಿನದಲ್ಲಿ ಇನ್ನೊಂದು ಕಡೆಯಿಂದಲೇ ಅಗಿಯುವುದು ರೂಢಿಯಾಗಿಬಿಡುತ್ತದೆ, ಯಾರೂ ಹೇಳಿಕೊಡದೆ.

ಆ ರೂಢಿ ಆಗುವುದು ಮೆದುಳಿನಲ್ಲಿ. ಕೊಟ್ಟ ಅಪ್ಪಣೆಗೂ ಬಂದ ವರದಿಗೂ ತಾಳೆಯಾಗದಿದ್ದಾಗ ಮೆದುಳು ತನ್ನ ಕೆಲಸದ ಹಂಚಿಕೆ ಬದಲಿಸುತ್ತದೆ. ಜರ್ಮನಿಯ ಯೇನಾ ನಗರದ ಸಂಶೋಧಕರು ಮುಖ ಸೋತವರನ್ನು ಎಫ್‌ಎಂಆರ್‌ಐನಲ್ಲಿ ನೋಡಿ, ಮೆದುಳಿನ ಈ ಹೊಂದಾಣಿಕೆ ದಿನ ಕಳೆದಂತೆ ಹೇಗೆ ಬದಲಾಗುತ್ತದೆ ಅಂತ ಅಧ್ಯಯನ ಮಾಡಿದ್ದಾರೆ. ಸ್ಟ್ರೋಕಿನಲ್ಲಿ ಮೆದುಳೇ ಗಾಯಗೊಂಡಿರುತ್ತದೆ, ಯಾವುದು ಗಾಯ ಯಾವುದು ಹೊಂದಾಣಿಕೆ ಅಂತ ಬಿಡಿಸುವುದು ಕಷ್ಟ. ಬೆಲ್ಸ್ ಪಾಲ್ಸಿಯಲ್ಲಿ ಮೆದುಳು ಪೂರ್ತಿ ಚೆನ್ನಾಗಿದೆ, ತಂತಿ ಮಾತ್ರ ಕೆಟ್ಟಿದೆ. ವಿಜ್ಞಾನಿಗಳಿಗೆ ಈ ಕಾಯಿಲೆಯ ಮೇಲೆ ಕಣ್ಣು ಬಿದ್ದಿದ್ದು ಅದಕ್ಕೆ.

ಅಷ್ಟು ದೊಡ್ಡ ಅಯಸ್ಕಾಂತದೊಳಗ ಸೂಜಿ ಹ್ಯಾಂಗ ಚುಚ್ಚತಾರ?

ಸಾಮಾನ್ಯ ಉಕ್ಕಿನ ಸೂಜಿ ತಗೊಂಡು ಹೋದರೆ ಅಪಾಯ. ಹಾಗಾಗಿ ಬೆಳ್ಳಿ, ಚಿನ್ನ, ಟೈಟೇನಿಯಂನಂಥ ಅಯಸ್ಕಾಂತ ಎಳೆಯದ ಲೋಹದ ಸೂಜಿ ಬಳಸುತ್ತಾರೆ. ಆದರೂ ಮುಖದಲ್ಲಿ ಚುಚ್ಚಿದರೆ ಎರಡು ತೊಂದರೆ. ತಲೆಯ ಸುತ್ತ ಹೆಲ್ಮೆಟ್‌ನಂಥ ಸುರುಳಿ ಇರುತ್ತದೆ, ಕೈ ಹಾಕಲು ಜಾಗವಿಲ್ಲ. ಜತೆಗೆ ಮೆದುಳಿನ ಹತ್ತಿರದ ಯಾವ ಲೋಹವೂ ಚಿತ್ರವನ್ನು ಕೆಡಿಸುತ್ತದೆ. ಕೈಯಾದರೆ ಹೊರಗೆ ಸಿಗುತ್ತದೆ. ಹೆಗು ಬಿಂದುವಿನ ಮೇಲೆ ಇಷ್ಟೊಂದು ಸ್ಕ್ಯಾನ್ ಅಧ್ಯಯನ ಬಂದಿರಲು ಈ ಅನುಕೂಲವೂ ಒಂದು ಕಾರಣ. ರೋಗಿಗೆ ದಿನನಿತ್ಯ ಹಾಕುವ ಬಾಯಿ, ಹುಬ್ಬು, ಕಿವಿಯ ಸೂಜಿಗಳ ಬಗ್ಗೆ ಸ್ಕ್ಯಾನ್ ಹೇಳುವುದು ಅಷ್ಟರಮಟ್ಟಿಗೆ ಕಡಿಮೆ.

ರೋಗಿ ಅಲುಗದೆ ಮಲಗುತ್ತಾರೆ. ಸ್ವಲ್ಪ ಹೊತ್ತು ಏನೂ ಮಾಡುವುದಿಲ್ಲ, ಸ್ವಲ್ಪ ಹೊತ್ತು ಸೂಜಿ ತಿರುವುತ್ತಾರೆ, ಮತ್ತೆ ಬಿಡುತ್ತಾರೆ. ಇಲ್ಲವೇ ಸೂಜಿಗೆ ಮುಂಚೆ ಒಂದು ಸಲ, ಸೂಜಿ ಆದಮೇಲೆ ಒಂದು ಸಲ ಸುಮ್ನೆ ಮಲಗಿಸಿ ಚಿತ್ರ ತೆಗೆದು ಹೋಲಿಸುತ್ತಾರೆ.

ಸರಿ, ಕೊನೀಗಿ ಸ್ಕ್ಯಾನ್‌ನ್ಯಾಗ ಏನ್ ಕಂಡದ ಹೇಳ್ರಿ.

ಮೊದಲು ಆರೋಗ್ಯವಂತರದ್ದು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಥ್ಲೀನ್ ಹುಯಿ ಅವರ ತಂಡ 2000ದಲ್ಲಿ ಹೆಗು ಬಿಂದುವಿನ ಚಿತ್ರಗಳನ್ನು ಪ್ರಕಟಿಸಿತು. ಸ್ಪರ್ಶದ ಪಟ್ಟಿಯಲ್ಲಿ ಚಟುವಟಿಕೆ ಏರಿತ್ತು, ಅದು ಸಹಜ, ಕೈ ಮುಟ್ಟಿದರೂ ಏರುತ್ತದೆ. ಆಶ್ಚರ್ಯ ಇನ್ನೊಂದು ಕಡೆ: ಭಯ, ನೆನಪು, ಭಾವನೆಗೆ ಸಂಬಂಧಿಸಿದ ಒಳಭಾಗಗಳಲ್ಲಿ ಸಂಕೇತ ಇಳಿದಿತ್ತು. ಜೋಮಿನ ಬದಲು ಚುರುಕ್ ಅಂತ ನೋವಾದವರಲ್ಲಿ ಚಿತ್ರ ಹೀಗಿರಲಿಲ್ಲ, ಕೆಲವು ಕಡೆ ಏರಿತ್ತು.

ಈಗ ಮುಖ ಸೋತವರದ್ದು. ಚೀನಾದ ಹೆಫೇ ನಗರದ ಸಂಶೋಧಕರು ಬೆಲ್ಸ್ ಪಾಲ್ಸಿಯ ಬೇರೆ ಬೇರೆ ಹಂತದಲ್ಲಿದ್ದವರನ್ನು ತಗೊಂಡರು: ಈಗಷ್ಟೇ ಆದವರು, ಬಹಳ ದಿನ ಆದವರು, ಗುಣವಾದವರು. ಜತೆಗೆ ಕಾಯಿಲೆಯೇ ಇಲ್ಲದವರು. ಸೂಜಿಗೆ ಮುಂಚೆ ಮತ್ತು ನಂತರ, ಸ್ಪರ್ಶದ ಪಟ್ಟಿ ಮೆದುಳಿನ ಇತರ ಭಾಗಗಳ ಜತೆ ಎಷ್ಟು ಹೊಂದಿಕೊಂಡು ಏರಿಳಿಯುತ್ತದೆ ಅಂತ ಅಳೆದರು. 2014ರಲ್ಲಿ ಅವರು ಹೇಳಿದ್ದು ಇದು: ಒಂದೇ ಸೂಜಿಗೆ ಮೆದುಳಿನ ಪ್ರತಿಕ್ರಿಯೆ ಕಾಯಿಲೆಯ ಹಂತಕ್ಕೆ ತಕ್ಕಂತೆ ಬೇರೆ ಬೇರೆ.

ಈ ಎಲ್ಲ ಚಿತ್ರಗಳಲ್ಲಿ ನನಗೆ ಮುಖ್ಯ ಅನಿಸುವುದು ಈ ಹಂತದ ಮಾತು. ತಂತಿ ಕೆಟ್ಟ ಮೆದುಳು ಸೂಜಿಯನ್ನು ಕೇಳಿಸಿಕೊಳ್ಳುವ ರೀತಿಯೇ ಬದಲಾಗಿರುತ್ತದೆ, ಮುಂದೆ ಮತ್ತೆ ಬದಲಾಗುತ್ತದೆ. ಮೊದಲ ವಾರದ ರೋಗಿಗೂ ಆರನೇ ತಿಂಗಳ ರೋಗಿಗೂ ಅದೇ ಬಿಂದು, ಅದೇ ಲೆಕ್ಕ ಅಂತ ಹೋಗುವುದು ಸರಿಯಾ ಅಂತ ಯೋಚಿಸಲು ಇದು ಕಾರಣ ಕೊಡುತ್ತದೆ.

ಮೆದುಳು ಹೊಳೀತು ಅಂದ್ಮ್ಯಾಲ ಸೂಜಿ ಕೆಲಸ ಮಾಡ್ತದ ಅಂತ ಸಾಬೀತು ಆಯ್ತಲ್ವಾ?

ಇಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಸೂಜಿ ಚುಚ್ಚಿದರೆ ಮೆದುಳು ಬದಲಾಗುತ್ತದೆ. ಚಿವುಟಿದರೂ ಬದಲಾಗುತ್ತದೆ, ಅವ್ವ ತಲೆ ಸವರಿದರೂ ಬದಲಾಗುತ್ತದೆ. ಆ ಬದಲಾವಣೆಯಿಂದ ಕಿವಿಯ ಮೂಳೆಯೊಳಗಿನ ಊತ ಇಳಿಯಿತು, ನರ ಬೆಳೆಯಿತು, ಕಣ್ಣು ಮುಚ್ಚಿತು ಅಂತ ಹೇಳಲು ಬೇರೆಯೇ ಪುರಾವೆ ಬೇಕು. ಮುಖ ಎಷ್ಟು ಅಲುಗುತ್ತದೆ ಅಂತ ಅಳೆಯಬೇಕು. ಅದಕ್ಕೆ ಹೌಸ್-ಬ್ರಾಕ್‌ಮನ್ ಅನ್ನುವ ಆರು ದರ್ಜೆಯ ಅಳತೆ 1985ರಿಂದ ಇದೆ, ಒಂದು ಅಂದರೆ ಪೂರ್ತಿ ಸರಿ, ಆರು ಅಂದರೆ ಪೂರ್ತಿ ಸೋತಿದೆ. ನಿಮ್ಮ ದರ್ಜೆ ಮೊದಲ ದಿನ ಎಷ್ಟಿತ್ತು, ಈಗ ಎಷ್ಟಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಬಣ್ಣದ ಚಿತ್ರಕ್ಕಿಂತ ಆ ಎರಡು ಅಂಕಿ ನಿಮ್ಮ ಬಗ್ಗೆ ಜಾಸ್ತಿ ಹೇಳುತ್ತವೆ.

ಗುಣವಾಗುತ್ತಿರುವ ರೋಗಿಯ ಮೆದುಳು ಸೂಜಿ ಇಲ್ಲದೆಯೂ ದಿನದಿನಕ್ಕೆ ಬದಲಾಗುತ್ತಿರುತ್ತದೆ. ಸೂಜಿಯ ಪಾಲೆಷ್ಟು, ಕಾಲದ ಪಾಲೆಷ್ಟು ಅಂತ ಬಿಡಿಸದ ಚಿತ್ರವನ್ನು ಗೋಡೆಗೆ ಅಂಟಿಸಿ ಹಣ ಕೇಳುವುದು ತಪ್ಪು.

## ಇನ್ನೂ ಆಳಕ್ಕೆ ಹೋಗುವವರಿಗೆ

ಒಂದೊಂದು ಬಿಂದುವಿಗೂ ಮೆದುಳಿನಲ್ಲಿ ಒಂದೊಂದು ಜಾಗ ಇದೆ ಅಂತ ಓದಿದ್ದೇನೆ. ಸರಿಯೇ?

ಆ ಮಾತು ಹರಡಿದ್ದು 1998ರ ಒಂದು ಅಧ್ಯಯನದಿಂದ. ಝಾಂಗ್-ಹೀ ಚೋ ಮತ್ತು ಜತೆಗಾರರು ಕಾಲಿನ ಕಿರುಬೆರಳ ಹತ್ತಿರದ ಬಿಂದುವಿಗೆ ಸೂಜಿ ಹಾಕಿದಾಗ ದೃಷ್ಟಿಯ ಭಾಗ ಚುರುಕಾಯಿತು ಅಂತ ಬರೆದರು. ಪರಂಪರೆಯಲ್ಲಿ ಆ ಬಿಂದು ಕಣ್ಣಿಗೆ ಸಂಬಂಧಿಸಿದ್ದು. ಜಗತ್ತೇ ಬೆರಗಾಯಿತು. 2006ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು, ಬಿಂದುವಿಗೂ ಮೆದುಳಿನ ಜಾಗಕ್ಕೂ ಅಂಥ ನಿರ್ದಿಷ್ಟ ನಂಟು ಇಲ್ಲ ಅಂತ. ಹಾಗೆ ಒಪ್ಪಿಕೊಂಡಿದ್ದನ್ನು ನಾನು ಮೆಚ್ಚುತ್ತೇನೆ. ದುಃಖದ ಸಂಗತಿ ಅಂದರೆ 1998ರ ಸುದ್ದಿ ಇಂದಿಗೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ, 2006ರದ್ದು ಓಡಾಡುವುದಿಲ್ಲ.

ಸುಳ್ಳು ಸೂಜಿ ಹಾಕಿ ಪರೀಕ್ಷೆ ಮಾಡ್ತಾರಂತೆ. ರೋಗಿಗೆ ಗೊತ್ತಾಗಲ್ವಾ?

ಗೊತ್ತಾಗದಂತೆ ಮಾಡುವುದೇ ಕಷ್ಟದ ಕೆಲಸ. 1998ರಲ್ಲಿ ಜರ್ಮನಿಯ ಸ್ಟ್ರೈಟ್‌ಬರ್ಗರ್ ಒಂದು ಸೂಜಿ ಮಾಡಿದರು. ಅದರ ತುದಿ ಮೊಂಡು, ಒತ್ತಿದರೆ ಹಿಡಿಕೆಯೊಳಗೆ ಸರಿಯುತ್ತದೆ, ಚರ್ಮ ತೂರುವುದಿಲ್ಲ. ನೋಡಿದವರಿಗೆ ಒಳಗೆ ಹೋದ ಹಾಗೇ ಕಾಣುತ್ತದೆ. ಆದರೆ ಒತ್ತುವುದೂ ಒಂದು ಸ್ಪರ್ಶವೇ, ಸ್ಕ್ಯಾನ್‌ನಲ್ಲಿ ಅದಕ್ಕೂ ಪ್ರತಿಕ್ರಿಯೆ ಬರುತ್ತದೆ. ಏನೂ ಮಾಡದ ಸುಳ್ಳು ಸೂಜಿ ಅಂತ ಒಂದಿಲ್ಲ.

ಬೆಲ್ಸ್ ಪಾಲ್ಸಿಗೆ ಅಕ್ಯುಪಂಕ್ಚರ್ ಮಾಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ವಿಮರ್ಶೆ 2010ರಲ್ಲಿ ಬಂತು. ಪ್ರಯೋಗಗಳ ಗುಣಮಟ್ಟ ಸಾಲದು, ತೀರ್ಮಾನ ಹೇಳಲಾಗದು ಅಂದಿತು. ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಅಕಾಡೆಮಿ 2013ರ ಮಾರ್ಗಸೂಚಿಯಲ್ಲಿ ಮಾಡಿ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ.

ಇಂಥ ಸಂಶೋಧನಾ ಲೇಖನ ಓದುವಾಗ ವಿದ್ಯಾರ್ಥಿಗಳು ಎಲ್ಲಿ ಎಚ್ಚರ ಇರಬೇಕು?

ಮೊದಲಿಗೆ ಒಂದು ಮೀನಿನ ಕಥೆ. 2009ರಲ್ಲಿ ಅಮೆರಿಕದ ಕ್ರೇಗ್ ಬೆನೆಟ್ ಮತ್ತು ಜತೆಗಾರರು ಸತ್ತ ಸಾಲ್ಮನ್ ಮೀನನ್ನು ಎಫ್‌ಎಂಆರ್‌ಐನಲ್ಲಿ ಮಲಗಿಸಿ ಮನುಷ್ಯರ ಫೋಟೋ ತೋರಿಸಿದರು. ಲೆಕ್ಕದಲ್ಲಿ ಸರಿಯಾದ ತಿದ್ದುಪಡಿ ಮಾಡದಿದ್ದರೆ ಸತ್ತ ಮೀನಿನ ಮೆದುಳಲ್ಲೂ ಚುರುಕು ಕಂಡಿತು. ಮೆದುಳನ್ನು ಸಾವಿರಾರು ಚೌಕಗಳಾಗಿ ಒಡೆದು ಪ್ರತಿಯೊಂದನ್ನೂ ಪರೀಕ್ಷಿಸಿದರೆ ಕೆಲವು ಸುಮ್ನೆ ಆಕಸ್ಮಿಕವಾಗಿ ಹೊಳೆಯುತ್ತವೆ. ಹಾಗಾಗಿ ಆ ತಿದ್ದುಪಡಿ ಮಾಡಿದ್ದಾರಾ ಅಂತ ಮೊದಲು ನೋಡಿ.

ಆಮೇಲೆ ನಮ್ಮ ವಿಷಯಕ್ಕೇ ಸೇರಿದ ತೊಡಕುಗಳು. ಎಡಗಡೆ ಸೋತವರನ್ನೂ ಬಲಗಡೆ ಸೋತವರನ್ನೂ ಒಂದೇ ಗುಂಪಿಗೆ ಹಾಕಿದ್ದಾರಾ? ಹಾಗಿದ್ದರೆ ಚಿತ್ರ ಕಲಸಿಹೋಗುತ್ತದೆ. ಸೂಜಿ ಯಾವ ಕೈಗೆ? ಕೆಲವು ರೋಗಿಗಳು ಸ್ಟಿರಾಯ್ಡ್ ತಗೊಂಡು, ಕೆಲವರು ತಗೊಳ್ಳದೆ ಬಂದಿದ್ದಾರಾ? ದ-ಛಿ ಎಷ್ಟು ಬಂತು ಅಂತ ರೋಗಿಯನ್ನೇ ಕೇಳಿ ಬರೆದಿದ್ದಾರಾ? ಒಂದು ಗುಂಪಿನಲ್ಲಿ ಹತ್ತಿಪ್ಪತ್ತು ಜನ ಮಾತ್ರ ಇದ್ದರೆ ಫಲಿತಾಂಶವನ್ನು ಸುಳಿವು ಅಂತ ತಿಳಿಯಿರಿ, ತೀರ್ಪು ಅಂತ ಅಲ್ಲ. ಇನ್ನೊಂದು: ಬೇರೆ ಬೇರೆ ಹಂತದ ಬೇರೆ ಬೇರೆ ಜನರನ್ನು ಹೋಲಿಸುವುದಕ್ಕಿಂತ, ಅದೇ ರೋಗಿಯನ್ನು ಮೊದಲ ವಾರದಿಂದ ಗುಣವಾಗುವ ತನಕ ಹಿಂಬಾಲಿಸಿದ ಅಧ್ಯಯನ ನೂರು ಪಾಲು ಮೇಲು.

ಆರು ತಿಂಗಳಾಯ್ತು. ಈಗ ನಕ್ಕರೆ ಕಣ್ಣು ತಾನೇ ಮುಚ್ಚುತ್ತದೆ. ಸೂಜಿ ಅದಕ್ಕೆ ಆಗುತ್ತಾ?

ಇದು ಸಿಂಕೈನೇಸಿಸ್. ಕೆಟ್ಟುಹೋದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್‌ನಂತೆ ಮತ್ತೆ ಬೆಳೆಯುತ್ತದೆ, ಬೆಳೆಯುವಾಗ ದಾರಿ ತಪ್ಪುತ್ತದೆ. ಬಾಯಿಗೆ ಹೋಗಬೇಕಾದ ಎಳೆ ಕಣ್ಣಿಗೂ ಹೋಗಿ ಸೇರುತ್ತದೆ. ಊಟ ಮಾಡುವಾಗ ಕಣ್ಣೀರು ಬರುವುದಕ್ಕೂ ಇದೇ ಕಾರಣ.

ಇದಕ್ಕೆ ಸೂಜಿಯಿಂದ ಲಾಭ ಅಂತ ಹೇಳುವಷ್ಟು ಪುರಾವೆ ನನ್ನ ಕೈಯಲ್ಲಿಲ್ಲ. ಕನ್ನಡಿ ಮುಂದೆ ಕೂತು, ಕಣ್ಣು ತೆರೆದೇ ಇಟ್ಟು, ತುಟಿಯ ಮೂಲೆಯನ್ನು ನಿಧಾನಕ್ಕೆ, ಸ್ವಲ್ಪವೇ ಸ್ವಲ್ಪ ಎಳೆಯುವ ಅಭ್ಯಾಸ ನಾನು ಮಾಡಿಸುತ್ತೇನೆ. ಜೋರಾಗಿ ಮಾಡಿದರೆ ತಪ್ಪು ಜೋಡಣೆಯೇ ಗಟ್ಟಿಯಾಗುತ್ತದೆ. ಬಲೂನು ಊದುವುದು, ಚ್ಯೂಯಿಂಗ್ ಗಮ್ ಅಗಿಯುವುದು ಬೇಡ. ನನ್ನ ಕೆಲಸದ ಬಗ್ಗೆಯೂ ಅದೇ ತಕ್ಕಡಿ ಹಿಡಿಯಬೇಕಲ್ವಾ: 2011ರ ಕಾಕ್ರೇನ್ ವಿಮರ್ಶೆ, ಒಬ್ಬೊಬ್ಬರಿಗೆ ತಕ್ಕಂತೆ ಮಾಡಿಸುವ ಮುಖದ ವ್ಯಾಯಾಮಕ್ಕೆ ಒಂದಿಷ್ಟು ಪುರಾವೆ ಇದೆ, ಆದರೆ ಗಟ್ಟಿಯಾದುದಲ್ಲ ಅಂದಿತು. ಕರೆಂಟ್ ಹಿಡಿಸುವುದಕ್ಕೆ ಲಾಭ ಕಾಣಲಿಲ್ಲ ಅಂದಿತು. ಬಹಳ ಬಿಗಿತ ಇದ್ದರೆ, ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆ ತಜ್ಞರನ್ನು ಕೇಳಿ.

ನನ್ನ ಸ್ವಂತ ದುಡ್ಡಿನಲ್ಲಿ ಎಫ್‌ಎಂಆರ್‌ಐ ಮಾಡಿಸಲಾ? ಸೂಜಿ ಹತ್ತುತ್ತೋ ಇಲ್ಲವೋ ಗೊತ್ತಾಗುತ್ತೆ ಅಂದ್ರು.

ಬೇಡ. ಈ ಚಿತ್ರಗಳು ಗುಂಪಿನ ಸರಾಸರಿಯಿಂದ ಬಂದವು. ಒಬ್ಬ ರೋಗಿಯ ಒಂದು ಸ್ಕ್ಯಾನ್ ನೋಡಿ ಇವರಿಗೆ ಸೂಜಿ ಹತ್ತುತ್ತದೆ, ಇವರಿಗೆ ಹತ್ತುವುದಿಲ್ಲ ಅಂತ ಹೇಳುವ ವಿದ್ಯೆ ಇನ್ನೂ ಇಲ್ಲ. ಅದೇ ದುಡ್ಡಿನಲ್ಲಿ ಕಣ್ಣಿನ ಹನಿ ತಗೊಳ್ಳಿ, ಫಾಲೋ-ಅಪ್‌ಗೆ ಬಸ್ಸಿನ ಖರ್ಚು ಇಟ್ಟುಕೊಳ್ಳಿ.

ಯಾರಾದ್ರೂ ಇಂಥ ಸಂಶೋಧನಾಕ್ಕ ಕರದ್ರ ಹೋಗ್ಲೇನು?

ಹೋಗಬಹುದು, ಹೋಗುವವರು ಬೇಕು ಕೂಡ. ನಮ್ಮ ಭಾಗದ ರೋಗಿಗಳ ಮೇಲೆ ಇಂಥ ಕೆಲಸ ನಡೆಯಲಿ ಅನ್ನುವುದು ನನ್ನ ಆಸೆ. ಕೆಲವು ವಿಷಯ ಕೇಳಿಕೊಳ್ಳಿ. ಚಿಕಿತ್ಸೆಯ ಪ್ರಯೋಗವಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿ ಆಗಿರಬೇಕು, ಸಿಟಿಆರ್‌ಐ ಅಂತ ಶುರುವಾಗುವ ನಂಬರ್ ಇರುತ್ತದೆ, ಆ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರ ಕೇಳಿ. ಒಪ್ಪಿಗೆ ಫಾರ್ಮ್ ಕನ್ನಡದಲ್ಲಿ, ಉರ್ದು ಓದುವವರಿಗೆ ಉರ್ದುವಿನಲ್ಲಿ ಕೊಡಬೇಕು, ಓದಲು ಬಾರದವರಿಗೆ ಸಾಕ್ಷಿ ಎದುರು ಓದಿ ಹೇಳಬೇಕು. ಸ್ಕ್ಯಾನ್‌ಗೆ ನಿಮ್ಮಿಂದ ದುಡ್ಡು ತಗೊಳ್ಳಬಾರದು. ನಡುವೆ ಬಿಟ್ಟು ಬಂದರೂ ನಿಮ್ಮ ಚಿಕಿತ್ಸೆ ನಿಲ್ಲಬಾರದು. ಸ್ಟಿರಾಯ್ಡ್ ಬಿಟ್ಟು ಬನ್ನಿ ಅಂದರೆ ಅಲ್ಲಿಂದ ಎದ್ದು ಬನ್ನಿ.

ಪೇಸ್‌ಮೇಕರ್, ಕಿವಿಯೊಳಗಿನ ಕಾಕ್ಲಿಯರ್ ಯಂತ್ರ, ಹಳೆಯ ಆಪರೇಷನ್‌ನ ಕ್ಲಿಪ್ ಇದ್ದರೆ ಮಷಿನ್ ಕೋಣೆಗೆ ಕಾಲಿಡುವ ಮುಂಚೆ ಹೇಳಿ. ತಾಳಿ, ಕಾಲುಂಗುರ, ಮೂಗುತಿ ತೆಗೆದು ಮನೆಯವರ ಕೈಗೆ ಕೊಡಿ. ಒಳಗೆ ಸದ್ದು ಜೋರು, ಕಿವಿಗೆ ಮುಚ್ಚಳ ಕೊಡುತ್ತಾರೆ. ಮುಚ್ಚದ ಕಣ್ಣು ಒಣಗದಂತೆ ಸ್ಕ್ಯಾನ್‌ಗೆ ಮುಂಚೆ ಹನಿ ಹಾಕಿಕೊಂಡು ಹೋಗಿ, ಮಲಗಿದ ಮೇಲೆ ಕೈ ಎತ್ತಲು ಆಗುವುದಿಲ್ಲ.